ಪಿಸ್ತೂಲಿನ ಮೇಲೊಂದು ಕೆಂಪು ಚುಕ್ಕೆ: ಆರಿಸೋದು ಹೇಗೆ?

ಬಿಜಿಎಂಐ ಆಡುವವರಿಗೆ ರೆಡ್ ಡಾಟ್ ಅಂದ್ರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ರಾತ್ರಿ ಹನ್ನೊಂದರ ಮೇಲೆ ಹಾಸ್ಟೆಲಿನ ಯಾವ ಕಾರಿಡಾರ್‌ನಲ್ಲಿ ನಡೆದರೂ ‘ರೆಡ್ ಡಾಟ್ ಇದ್ರೆ ಬಿಸಾಕೋ ಮಗಾ’ ಅನ್ನೋ ಕೂಗು ಒಂದಾದರೂ ಕಿವಿಗೆ ಬೀಳುತ್ತೆ. ಆಟದಲ್ಲಿ ಅದು ನೆಲದ ಮೇಲೆ ಬಿದ್ದಿರುತ್ತೆ. ಎತ್ತಿಕೊಂಡರೆ ಗನ್ನಿನ ಮೇಲೆ ತಾನೇ ಹೋಗಿ ಕೂರುತ್ತೆ. ಚುಕ್ಕೆ ಯಾವಾಗಲೂ ಸ್ಕ್ರೀನಿನ ನಟ್ಟನಡುವೆ. ಬ್ಯಾಟರಿ ಮುಗಿಯಲ್ಲ, ಮಳೆ ಬಂದರೂ ಒದ್ದೆಯಾಗಲ್ಲ, ಸ್ಕ್ರೂ ಸಡಿಲ ಆಗಲ್ಲ.

ನಿಜವಾದ ಪಿಸ್ತೂಲಿನ ಮೇಲೆ ಇದೆಲ್ಲಾ ಆಗುತ್ತೆ. ಚುಕ್ಕೆ ಕಾಣದೇ ಹೋಗೋದು ಕೂಡ.

ಮೊದಲೇ ಹೇಳಿಬಿಡ್ತೀವಿ: ಇದನ್ನ ಓದಿ ಯಾರೂ ಅಂಗಡಿಗೆ ಹೋಗಬೇಕಾಗಿಲ್ಲ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ, ಲೈಸೆನ್ಸ್ ಇಲ್ಲದೆ ಪಿಸ್ತೂಲು ಇಟ್ಟುಕೊಳ್ಳೋ ಹಾಗಿಲ್ಲ, ಲೈಸೆನ್ಸ್ ಸಿಗೋದೂ ಸುಲಭ ಅಲ್ಲ. ಅದು ಹಾಗೇ ಇರಲಿ ಅನ್ನೋದು ನಮ್ಮ ಅಭಿಪ್ರಾಯ. ಈ ವಸ್ತುವಿನ ದೊಡ್ಡ ಮಾರುಕಟ್ಟೆ ಇರೋದು ಅಮೆರಿಕದಲ್ಲಿ. ಅಲ್ಲಿ ಪೊಲೀಸರು, ಸ್ಪರ್ಧೆಗೆ ಹೋಗುವ ಶೂಟರ್‌ಗಳು, ಆತ್ಮರಕ್ಷಣೆಗೆ ಅಂತ ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡು ಓಡಾಡುವ ಸಾಮಾನ್ಯ ಜನ, ಎಲ್ಲರೂ ಇದನ್ನ ಕೊಳ್ಳುತ್ತಾರೆ. ಗ್ಲಾಕ್ ಕಂಪನಿ 2015ರಲ್ಲಿ ಇಂಥ ಸೈಟ್ ಕೂರಿಸೋಕೆ ಜಾಗ ಬಿಟ್ಟೇ ಪಿಸ್ತೂಲು ಮಾಡೋಕೆ ಶುರು ಮಾಡಿತು. 2017ರಲ್ಲಿ ಅಮೆರಿಕದ ಸೇನೆ ಆರಿಸಿಕೊಂಡ ಹೊಸ ಪಿಸ್ತೂಲಿನಲ್ಲೂ ಆ ಜಾಗ ಇದೆ.

ನಮಗೆ ಇದು ಇಷ್ಟ ಆಗಿದ್ದು ಬೇರೆ ಕಾರಣಕ್ಕೆ. ಮೂವತ್ತು ಮೂವತ್ತೈದು ಗ್ರಾಂ ತೂಗುವ ಒಂದು ಪುಟ್ಟ ಡಬ್ಬಿಯಲ್ಲಿ ಆಪ್ಟಿಕ್ಸ್, ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್ ಮೂರೂ ಒಟ್ಟಿಗೆ ಕೂತು ಜಗಳ ಆಡ್ತವೆ. ಒಂದನ್ನ ಚೆನ್ನಾಗಿ ಮಾಡೋಕೆ ಹೋದರೆ ಇನ್ನೊಂದು ಕೆಡುತ್ತೆ. ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಅಚ್ಚಾಗಿರೋ ಸಂಖ್ಯೆಗಳು ಒಂದು ಕಥೆ ಹೇಳಿದರೆ, ನಿಜವಾಗಿ ಮುಖ್ಯವಾದ ಸಂಖ್ಯೆಗಳು ಡಬ್ಬಿಯ ಮೇಲೆ ಇರೋದೇ ಇಲ್ಲ. ಇದನ್ನ ನಂಬಿಕೊಂಡವರು ಪೊಲೀಸರು, ಅವರ ಎದುರಿಗಿರೋರೂ ಮನುಷ್ಯರೇ. ಹಾಗಾಗಿ ಲೆಕ್ಕ ತಪ್ಪಿದರೆ ಇಂಟರ್ನಲ್ಸ್‌ನಲ್ಲಿ ಎರಡು ಮಾರ್ಕ್ಸ್ ಹೋದಷ್ಟು ಹಗುರ ಆಗಿರಲ್ಲ.

ಕೆಲಸ ಮಾಡೋ ರೀತಿ ತುಂಬಾ ಸರಳ. ಪಿಯುಸಿಯಲ್ಲಿ ನಾವು ಕಾನ್‌ಕೇವ್ ಮಿರರ್ ಅಂತ ಓದಿದ್ದು, ಕನ್ನಡ ಮೀಡಿಯಂ ಗೆಳೆಯರು ನಿಮ್ನ ದರ್ಪಣ ಅಂತ ಓದಿದ್ದು, ಅದೇ ಇಲ್ಲೂ ಇರೋದು. ಅದರ ಫೋಕಸ್‌ನಲ್ಲಿ ಒಂದು ದೀಪ ಇಟ್ಟರೆ ಕಿರಣಗಳು ಸಮಾನಾಂತರವಾಗಿ ವಾಪಸ್ ಬರುತ್ತವೆ. ಸಮಾನಾಂತರ ಕಿರಣ ಕಣ್ಣಿಗೆ ಬಿದ್ದರೆ ಮಿದುಳು ‘ಈ ದೀಪ ತುಂಬಾ ದೂರದಲ್ಲಿದೆ’ ಅಂದುಕೊಳ್ಳುತ್ತೆ. ದರ್ಪಣದ ಜಾಗದಲ್ಲಿ, ಕೆಂಪನ್ನು ಮಾತ್ರ ಹಿಂದಕ್ಕೆ ಕಳಿಸಿ ಮಿಕ್ಕ ಬಣ್ಣಗಳನ್ನ ಆಚೆ ಬಿಡುವ ಲೇಪನ ಇರೋ ಗಾಜು ಇಡಿ. ಈಗ ಗಾಜಿನ ಆಚೆಯ ಪ್ರಪಂಚವೂ ಕಾಣುತ್ತೆ, ಅದರ ಮೇಲೆ ತೇಲುವ ಕೆಂಪು ಚುಕ್ಕೆಯೂ ಕಾಣುತ್ತೆ. ಲೇಸರ್ ಥರ ಎದುರಿಗಿರೋ ಗೋಡೆ ಮೇಲೆ ಏನೂ ಬೀಳಲ್ಲ. ಚುಕ್ಕೆ ಇರೋದು ನೋಡೋನ ಕಣ್ಣಿಗೆ ಮಾತ್ರ. ಕೆಂಪು ಸ್ವಲ್ಪ ಕಡಿಮೆ ಆಚೆ ಬರೋದ್ರಿಂದ ಇಂಥ ಗಾಜಿನಲ್ಲಿ ನೋಡಿದರೆ ಪ್ರಪಂಚ ಒಂಚೂರು ನೀಲಿ ನೀಲಿ.

ಈ ಐಡಿಯಾ ಹಳೇದು. ಡಬ್ಲಿನ್‌ನಲ್ಲಿ ದೂರದರ್ಶಕ ತಯಾರಿಸುತ್ತಿದ್ದ ಹೋವರ್ಡ್ ಗ್ರಬ್ 1900ರಲ್ಲೇ ಇದನ್ನ ಕಂಡುಹಿಡಿದ. ಗ್ರಬ್ ಕಂಪನಿಯ 20 ಇಂಚಿನ ಒಂದು ದೂರದರ್ಶಕ ಪುಣೆಗೂ ಬಂದಿತ್ತು. ಅಲ್ಲಿನ ವೀಕ್ಷಣಾಲಯ ಮುಚ್ಚಿದ ಮೇಲೆ ಅದು ಕೊಡೈಕೆನಾಲ್‌ಗೆ ಹೋಯಿತು. ಕೊಡೈಕೆನಾಲ್ ವೀಕ್ಷಣಾಲಯವನ್ನ ಇವತ್ತು ನಡೆಸುತ್ತಿರೋದು ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ. ಮುಂದೆ ಯುದ್ಧ ವಿಮಾನಗಳಿಗೆ ಇದೇ ತತ್ವದ ಸೈಟ್ ಬಂತು, ಅದು ಬೆಳೆದು ಇವತ್ತಿನ ಹೆಡ್-ಅಪ್ ಡಿಸ್‌ಪ್ಲೇ ಆಯಿತು. ಬೆಂಗಳೂರಿನ ಎಚ್‌ಎಎಲ್ ಕಟ್ಟುವ ತೇಜಸ್ ವಿಮಾನದ ಪೈಲಟ್ ಎದುರಿಗಿರೋ ಗಾಜಿನಲ್ಲಿ ಅಂಕಿಗಳು ‘ದೂರದಲ್ಲಿ’ ತೇಲೋದೂ ಹೀಗೇ. ಅದನ್ನ ವಿನ್ಯಾಸ ಮಾಡಿದ್ದು ಚಂಡೀಗಢದ ಸಿಎಸ್‌ಐಒ. ಬಂದೂಕಿಗೆ ಎಲ್‌ಇಡಿ ಹಾಕಿದ ಮೊದಲ ರೆಡ್ ಡಾಟ್ ಮಾಡಿದ್ದು ಸ್ವೀಡನ್ನಿನ ಏಮ್‌ಪಾಯಿಂಟ್, 1975ರಲ್ಲಿ. ಬಂದೂಕಿನಿಂದ ಪಿಸ್ತೂಲಿಗೆ ಇಳಿಯೋಕೆ ಮಾತ್ರ ತುಂಬಾ ಕಾಲ ಬೇಕಾಯಿತು. ಯಾಕೆ ಅನ್ನೋದೇ ಈ ಬರಹದ ತಿರುಳು.

ಅದಕ್ಕೆ ಮುಂಚೆ, ಚುಕ್ಕೆ ಇಲ್ಲದಿದ್ದರೆ ಏನು ಕಷ್ಟ ಅಂತ ನೋಡಿಬಿಡೋಣ. ಮಾಮೂಲಿ ಪಿಸ್ತೂಲಿನಲ್ಲಿ ಹಿಂದೆ ಒಂದು ಕಂಡಿ, ಮುಂದೆ ಒಂದು ಮೊನೆ ಇರುತ್ತೆ. ಇವನ್ನ ಐರನ್ ಸೈಟ್ ಅಂತಾರೆ. ಕಂಡಿಯ ಮಧ್ಯದಲ್ಲಿ ಮೊನೆ, ಮೊನೆಯ ಮೇಲೆ ಗುರಿ. ಮೂರೂ ಬೇರೆ ಬೇರೆ ದೂರದಲ್ಲಿವೆ, ಕಣ್ಣು ಒಂದು ಸಲಕ್ಕೆ ಒಂದರ ಮೇಲೆ ಮಾತ್ರ ಫೋಕಸ್ ಮಾಡುತ್ತೆ. ಕಂಡಿಗೂ ಮೊನೆಗೂ ನಡುವೆ ಇರೋ ದೂರ ಒಂದು ಮಧ್ಯಮ ಪಿಸ್ತೂಲಿನಲ್ಲಿ 165 ಮಿ.ಮೀ ಆಸುಪಾಸು. ಮೊನೆ ಕಂಡಿಯ ಮಧ್ಯದಿಂದ ಬರೀ 1 ಮಿ.ಮೀ ಜರುಗಿದರೆ 25 ಮೀಟರ್ ದೂರದಲ್ಲಿ ಗುಂಡು ಎಷ್ಟು ಆಚೆ ಹೋಗುತ್ತೆ? ಸದೃಶ ತ್ರಿಭುಜ ಹಾಕಿ ನೋಡಿ: 25,000 ಭಾಗಿಸು 165, ಅಂದರೆ ಸುಮಾರು 150 ಮಿ.ಮೀ. ಒಂದು ಗೇಣಿಗೆ ಸ್ವಲ್ಪ ಕಮ್ಮಿ. ಪ್ಯಾರಿಸ್ 2024ರಲ್ಲಿ ಮನು ಭಾಕರ್ ಎರಡು ಕಂಚು ಗೆದ್ದಿದ್ದು ಇಂಥ ಐರನ್ ಸೈಟ್ ಇಟ್ಟುಕೊಂಡೇ. ಒಲಿಂಪಿಕ್ಸ್ ಪಿಸ್ತೂಲ್ ಸ್ಪರ್ಧೆಗಳಲ್ಲಿ ರೆಡ್ ಡಾಟ್‌ಗೆ ಅನುಮತಿ ಇಲ್ಲ. ಆ ಕೈ ಎಷ್ಟು ಸ್ಥಿರವಾಗಿರಬೇಕು ಅಂತ ಯೋಚನೆ ಮಾಡಿ.

ರೆಡ್ ಡಾಟ್‌ನಲ್ಲಿ ಜೋಡಿಸೋಕೆ ಎರಡು ವಸ್ತು ಇಲ್ಲ. ಗುರಿ ನೋಡಬೇಕು, ಚುಕ್ಕೆ ಅದರ ಮೇಲೆ ಬರಬೇಕು, ಅಷ್ಟೇ. ಚುಕ್ಕೆ ಅನಂತ ದೂರದಲ್ಲಿದ್ದ ಹಾಗೆ ಕಾಣೋದ್ರಿಂದ ಗುರಿ, ಚುಕ್ಕೆ ಎರಡೂ ಒಟ್ಟಿಗೆ ಫೋಕಸ್‌ನಲ್ಲಿ ಇರುತ್ತವೆ. ನಲವತ್ತು ದಾಟಿ ಹತ್ತಿರದ್ದು ಮಸುಕಾಗೋಕೆ ಶುರುವಾದವರಿಗೆ ಇದು ವರ. ಕಣ್ಣು ಗಾಜಿನ ಮಧ್ಯದಿಂದ 5 ಮಿ.ಮೀ ಪಕ್ಕಕ್ಕೆ ಸರಿದರೂ, ಕಿರಣಗಳು ಸಮಾನಾಂತರ ಆಗಿರೋದ್ರಿಂದ ಗುರಿಯ ಮೇಲೆ ಆಗೋ ವ್ಯತ್ಯಾಸ ಅದೇ 5 ಮಿ.ಮೀ. ಹತ್ತು ಮೀಟರ್ ಆಗಲಿ, ಐವತ್ತಾಗಲಿ, ಅಷ್ಟೇ. ಜಾಹೀರಾತಿನಲ್ಲಿ ‘ಪ್ಯಾರಲ್ಯಾಕ್ಸ್ ಫ್ರೀ’ ಅಂತ ಬರೆಯೋದು ಇದನ್ನೇ. ಪೂರ್ತಿ ಫ್ರೀ ಏನಲ್ಲ. ದರ್ಪಣದ ಅಂಚಿನಲ್ಲಿ ಸ್ಫೆರಿಕಲ್ ಅಬೆರೇಷನ್ ಇದ್ದೇ ಇರುತ್ತೆ, ಗಾಜನ್ನ ಓರೆಯಾಗಿ ಇಟ್ಟಿರೋದ್ರಿಂದ ಇನ್ನೊಂದಿಷ್ಟು ದೋಷ. ಅಗ್ಗದವುಗಳಲ್ಲಿ ತಲೆ ಅಲ್ಲಾಡಿಸಿದರೆ ಚುಕ್ಕೆ ಅಂಚಿನಲ್ಲಿ ಓಡೋದು ಕಾಣುತ್ತೆ. ಒಳ್ಳೇದರಲ್ಲಿ ಎರಡು ಗಾಜು ಅಂಟಿಸಿ ಆ ದೋಷ ಕಳೀತಾರೆ. ದುಡ್ಡಿನ ಒಂದು ಪಾಲು ಹೋಗೋದು ಇಲ್ಲಿಗೆ.

ಈಗ ಪಿಸ್ತೂಲಿನ ಮೊದಲನೇ ಕಷ್ಟಕ್ಕೆ ಬರೋಣ: ತೋಳಿನ ಉದ್ದ.

ಬಂದೂಕಿನಲ್ಲಿ ಕೆನ್ನೆ ಹಿಡಿಗೆ ಒತ್ತಿರುತ್ತೆ, ಕಣ್ಣು ಸೈಟಿನ ಹಿಂದೆಯೇ ಇರುತ್ತೆ. ಪಿಸ್ತೂಲು ಚಾಚಿದ ಕೈಗಳ ತುದಿಯಲ್ಲಿರುತ್ತೆ, ಕಣ್ಣಿಂದ ಸುಮಾರು 600 ಮಿ.ಮೀ ದೂರ. ಗಾಜಿನ ಕಿಟಕಿ ಎತ್ತರ 16 ಮಿ.ಮೀ, ಅಗಲ 22 ಮಿ.ಮೀ ಅಂದುಕೊಳ್ಳಿ, ಮಾಮೂಲಿ ಸೈಜ್ ಅದು. ಪಿಸ್ತೂಲಿನ ಮೂತಿ ಸ್ವಲ್ಪ ಮೇಲಕ್ಕೋ ಕೆಳಕ್ಕೋ ವಾಲಿದರೆ ಚುಕ್ಕೆ ಕಿಟಕಿಯಲ್ಲಿ ಸರಿಯುತ್ತಾ ಹೋಗಿ ಒಂದು ಹಂತದಲ್ಲಿ ಮಾಯ. ಎಷ್ಟು ವಾಲಿದರೆ? 8 ಭಾಗಿಸು 600. ಡಿಗ್ರಿಗೆ ತಂದರೆ 0.76. ಪಕ್ಕಕ್ಕೆ ವಾಲಿದರೆ ಸುಮಾರು 1 ಡಿಗ್ರಿ. ಅದೇ ಗಾಜು ಕಣ್ಣಿಂದ 100 ಮಿ.ಮೀ ದೂರದಲ್ಲಿದ್ದಿದ್ದರೆ ನಾಲ್ಕೂವರೆ ಡಿಗ್ರಿವರೆಗೂ ಚುಕ್ಕೆ ಕಾಣುತ್ತಿತ್ತು. ಅಂದರೆ ಬಂದೂಕಿನಲ್ಲಿ ಆರು ಪಟ್ಟು ಸಡಿಲಿಕೆ ಸಿಗುತ್ತೆ, ಪಿಸ್ತೂಲಿನಲ್ಲಿ ಒಂದು ಡಿಗ್ರಿಯೂ ಇಲ್ಲ.

ಈ ಮುಕ್ಕಾಲು ಡಿಗ್ರಿ ಯಾವ ಡಬ್ಬಿಯ ಮೇಲೂ ಅಚ್ಚಾಗಿರಲ್ಲ. ಹೊಸಬರು ಪಿಸ್ತೂಲು ಎತ್ತಿ ‘ಚುಕ್ಕೆ ಎಲ್ಲಿ?’ ಅಂತ ಮೂತಿಯನ್ನ ಅತ್ತ ಇತ್ತ ತಿರುಗಿಸಿ ಹುಡುಕೋದು ಇದರಿಂದಲೇ. ಐರನ್ ಸೈಟ್‌ನಲ್ಲಿ ಮೊನೆ ಮೇಲೆ ಎದ್ದಿದ್ದರೆ ‘ಇಳಿಸು’ ಅಂತ ಅದೇ ಹೇಳುತ್ತೆ. ಚುಕ್ಕೆ ಕಿಟಕಿಯ ಹೊರಗೆ ಹೋದರೆ ಯಾವ ಕಡೆ ಹೋಯಿತು ಅಂತ ಹೇಳೋರೇ ಇಲ್ಲ. ಆಟದಲ್ಲಿ ಬಟನ್ ಒತ್ತಿದ ತಕ್ಷಣ ಚುಕ್ಕೆ ನಡುವೆ ಬಂದು ನಿಲ್ಲುತ್ತಲ್ಲ, ನಿಜದಲ್ಲಿ ಅದನ್ನ ತರೋದು ಸಾವಿರಾರು ಸಲ ಖಾಲಿ ಪಿಸ್ತೂಲು ಎತ್ತಿ ಎತ್ತಿ ರೂಢಿಸಿಕೊಂಡ ಮಣಿಕಟ್ಟು. ಹಾಗಾಗಿ ಆರಿಸುವಾಗ ಮೊದಲು ನೋಡಬೇಕಾದ್ದು ಕಿಟಕಿಯ ಸೈಜ್. ಸ್ಪರ್ಧೆಯವರು ಎಷ್ಟು ದೊಡ್ಡ ಕಿಟಕಿ ಸಿಗುತ್ತೋ ಅಷ್ಟು ದೊಡ್ಡದನ್ನ ಹಾಕ್ತಾರೆ. ಸೊಂಟದಲ್ಲಿ ಬಚ್ಚಿಟ್ಟುಕೊಂಡು ಓಡಾಡೋರಿಗೆ ಅದು ಬಟ್ಟೆಗೆ ಸಿಕ್ಕಿಕೊಳ್ಳುತ್ತೆ, ಕೆಳಗೆ ಬಿದ್ದರೆ ಗಾಜು ಮೊದಲು ನೆಲ ಮುಟ್ಟುತ್ತೆ. ಇದೇ ಮೊದಲನೇ ರಾಜಿ. ಐರನ್ ಸೈಟ್‌ಗಳನ್ನೇ ಎತ್ತರ ಮಾಡಿ ಕಿಟಕಿಯ ತಳದಲ್ಲಿ ಕಾಣೋ ಹಾಗೆ ಉಳಿಸಿಕೊಳ್ಳೋರೂ ಇದ್ದಾರೆ. ಚುಕ್ಕೆ ಸತ್ತರೂ ದಾರಿ ಇರುತ್ತೆ. ನಮಗೆ ಇದು ತುಂಬಾ ಸರಿ ಅನ್ಸುತ್ತೆ.

ಚುಕ್ಕೆಯ ಸೈಜ್ ಬಗ್ಗೆ ಜನ ಗಂಟೆಗಟ್ಟಲೆ ವಾದ ಮಾಡ್ತಾರೆ, ನಮ್ಮ ಪ್ರಕಾರ ಅಷ್ಟೊಂದು ಬೇಕಾಗಿಲ್ಲ. ಅಳತೆ ಎಂಒಎ, ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. 25 ಮೀಟರ್‌ನಲ್ಲಿ 1 ಎಂಒಎ ಅಂದರೆ 7.3 ಮಿ.ಮೀ. 2 ಎಂಒಎ ಚುಕ್ಕೆ ಅಲ್ಲಿ ಹತ್ತಿರ ಹತ್ತಿರ 15 ಮಿ.ಮೀ ಮುಚ್ಚುತ್ತೆ, 6 ಎಂಒಎ ಚುಕ್ಕೆ 44 ಮಿ.ಮೀ. ಸ್ಪರ್ಧೆಯಲ್ಲಿ ಹೊಡೆಯುವ ಉಕ್ಕಿನ ತಟ್ಟೆ ಎಷ್ಟೋ ಕಡೆ 8 ಇಂಚಿನದು, ಅಂದರೆ 203 ಮಿ.ಮೀ. ಅದರ ಮೇಲೆ 44 ಮಿ.ಮೀ ಚುಕ್ಕೆ ಏನೂ ತೊಂದರೆ ಅಲ್ಲ, ಬೇಗ ಕಣ್ಣಿಗೆ ಬೀಳುತ್ತೆ. ಕಾಗದದ ಗುರಿಗೆ ನಿಧಾನವಾಗಿ ಹೊಡೆಯೋರಿಗೆ ಸಣ್ಣದು ಬೇಕು. 3 ಎಂಒಎ ಆಸುಪಾಸು ಹೆಚ್ಚಿನವರಿಗೆ ಸರಿಹೋಗುತ್ತೆ.

ಆದರೆ ಆ ಚುಕ್ಕೆ ಹುಟ್ಟೋ ಜಾಗ ನೋಡಿದರೆ ಖುಷಿಯಾಗುತ್ತೆ. ಚುಕ್ಕೆಯ ಕೋನ ಅಂದರೆ ದೀಪದ ಸೈಜ್ ಭಾಗಿಸು ಫೋಕಲ್ ಲೆಂತ್. ಫೋಕಲ್ ಲೆಂತ್ 30 ಮಿ.ಮೀ ಅಂತ ಹಿಡಿದರೆ 3 ಎಂಒಎ ಚುಕ್ಕೆಗೆ ಬೆಳಕು ಸೂಸುವ ಜಾಗ ಬರೀ 26 ಮೈಕ್ರಾನ್ ಇರಬೇಕು. ನಮ್ಮ ತಲೆಕೂದಲಿಗಿಂತ ಸಣ್ಣದು. ಅಷ್ಟು ಸಣ್ಣ ಎಲ್‌ಇಡಿಯನ್ನ ಅಷ್ಟೇ ಕರಾರುವಾಕ್ಕಾಗಿ ಫೋಕಸ್‌ನಲ್ಲಿ ಕೂರಿಸಬೇಕು, ಅದು ಅಲ್ಲಿಂದ ಕದಲಬಾರದು.

ಕದಲಬಾರದು ಅಂದೆವಲ್ಲ, ಇಲ್ಲೇ ಎರಡನೇ ಕಷ್ಟ ಶುರು. ಇದು ಮೊದಲನೇದಕ್ಕಿಂತ ದೊಡ್ಡದು.

ಬಂದೂಕಿನಲ್ಲಿ ಸೈಟ್ ಅಲುಗಾಡದ ದೇಹದ ಮೇಲೆ ಕೂರುತ್ತೆ. ಪಿಸ್ತೂಲಿನಲ್ಲಿ ಅದು ಕೂರೋದು ಸ್ಲೈಡ್ ಮೇಲೆ, ಅಂದರೆ ಪ್ರತಿ ಗುಂಡಿಗೂ ಹಿಂದಕ್ಕೆ ಚಿಮ್ಮಿ ಸ್ಪ್ರಿಂಗ್ ತಳ್ಳಿದಾಗ ಮುಂದಕ್ಕೆ ಬಂದು ಬಡಿಯುವ ಭಾಗದ ಮೇಲೆ. ಎಷ್ಟು ಜೋರು? ಫಸ್ಟ್ ಸೆಮ್ ಲೆಕ್ಕ ಸಾಕು. 9 ಎಂಎಂ ಗುಂಡು ಸುಮಾರು 8 ಗ್ರಾಂ, ವೇಗ ಸೆಕೆಂಡಿಗೆ 350 ಮೀಟರ್ ಅಂದುಕೊಳ್ಳೋಣ. ಸಂವೇಗ 2.8. ಸ್ಲೈಡ್ ಮತ್ತು ಬ್ಯಾರಲ್ ಸೇರಿ ಅರ್ಧ ಕೆಜಿ ಅಂದರೆ ಅವು ಹಿಂದಕ್ಕೆ ಹೋಗೋ ವೇಗ ಸೆಕೆಂಡಿಗೆ 5.6 ಮೀಟರ್. ಕೇಳೋಕೆ ಏನೂ ಅಲ್ಲ, ಸೈಕಲ್ ವೇಗ. ಆದರೆ ಆ ವೇಗ ಬರೋಕೆ ಸಿಗೋ ಸಮಯ ನೋಡಿ. ಗುಂಡು 11 ಸೆಂ.ಮೀ ಬ್ಯಾರಲ್ ದಾಟೋಕೆ, ಸರಾಸರಿ 200 ಮೀಟರ್ ವೇಗ ಹಿಡಿದರೆ, ಸುಮಾರು ಅರ್ಧ ಮಿಲಿಸೆಕೆಂಡ್. ಭಾಗಿಸಿದರೆ ವೇಗೋತ್ಕರ್ಷ ಚದರ ಸೆಕೆಂಡಿಗೆ ಹತ್ತು ಸಾವಿರ ಮೀಟರ್. ಗುರುತ್ವದ ಸಾವಿರ ಪಟ್ಟು! ಇದು ನಮ್ಮ ಒರಟು ಅಂದಾಜು, ಸಿಡಿಮದ್ದಿನ ಅನಿಲವನ್ನ ಲೆಕ್ಕಕ್ಕೆ ತಗೊಂಡಿಲ್ಲ. ಆದರೂ ಅಳತೆಯ ಅಂದಾಜು ಸಿಕ್ಕಿತಲ್ಲ.

34 ಗ್ರಾಂ ಸೈಟ್ ಮೇಲೆ ಆ ಕ್ಷಣ ಬೀಳೋ ಬಲ 340 ನ್ಯೂಟನ್. ಸಿವಿಲ್ ಗೆಳೆಯರಿಗೆ ಅರ್ಥ ಆಗೋ ಹಾಗೆ ಹೇಳೋದಾದರೆ, ಒಂದು ಸಿಮೆಂಟ್ ಮೂಟೆಯ ಮುಕ್ಕಾಲು ಪಾಲಿಗೆ ಹತ್ತಿರ ಹತ್ತಿರ. ಅದನ್ನ ಹಿಡಿದಿರೋದು ಎರಡು ಪುಟಾಣಿ ಸ್ಕ್ರೂ. ಒಂದು ಸಲ ಅಲ್ಲ, ಸಾವಿರಾರು ಸಲ.

ಆದ್ದರಿಂದ ಆರಿಸುವಾಗ ಸೈಟಿನಷ್ಟೇ ಗಮನ ಅದರ ಬುಡಕ್ಕೂ ಕೊಡಬೇಕು. ಸ್ಕ್ರೂ ಎಲ್ಲೆಲ್ಲಿ, ಗುಳಿ ಎಲ್ಲೆಲ್ಲಿ ಅನ್ನೋ ನಕ್ಷೆಯನ್ನ ಫುಟ್‌ಪ್ರಿಂಟ್ ಅಂತಾರೆ. ದುರದೃಷ್ಟ ಅಂದರೆ ಯುಎಸ್‌ಬಿ-ಸಿ ಥರ ಒಂದೇ ಸ್ಟಾಂಡರ್ಡ್ ಇಲ್ಲ. ಟ್ರಿಜಿಕಾನ್‌ನ ಆರ್‌ಎಂಆರ್ ಒಂದು ಥರ, ಲ್ಯೂಪೋಲ್ಡ್‌ನ ಡೆಲ್ಟಾಪಾಯಿಂಟ್ ಪ್ರೋ ಇನ್ನೊಂದು, ಏಮ್‌ಪಾಯಿಂಟ್‌ನ ಆಕ್ರೋ ಮತ್ತೊಂದು, ಸಣ್ಣ ಪಿಸ್ತೂಲಿಗೆ ಶೀಲ್ಡ್ ಕಂಪನಿಯದ್ದು ಮಗದೊಂದು. ಹೊಂದದಿದ್ದರೆ ನಡುವೆ ಅಡಾಪ್ಟರ್ ಪ್ಲೇಟ್ ಹಾಕ್ತಾರೆ. ಪ್ಲೇಟ್ ಹಾಕಿದರೆ ಜೋಡಣೆ ಎರಡಾಯಿತು, ಸಡಿಲ ಆಗೋ ಜಾಗವೂ ಎರಡಾಯಿತು. ಸ್ಲೈಡನ್ನೇ ಆ ಸೈಟಿನ ಅಳತೆಗೆ ಕೊರೆಸಿ ನೇರ ಕೂರಿಸೋದು ಹೆಚ್ಚು ಗಟ್ಟಿ, ಆದರೆ ಆಮೇಲೆ ಬೇರೆ ಸೈಟಿಗೆ ಮನಸ್ಸು ಹೋದರೆ ಕಷ್ಟ.

ಇಲ್ಲಿ ಮೆಕ್ಯಾನಿಕಲ್‌ನವರಿಗೆ ಮಾತ್ರ ರುಚಿಸೋ ಒಂದು ಸೂಕ್ಷ್ಮ ಇದೆ. ಸ್ಕ್ರೂಗಳ ಕೆಲಸ ಸೈಟನ್ನ ಕೆಳಗೆ ಒತ್ತಿ ಹಿಡಿಯೋದು. ಹಿಂದೆ ಮುಂದೆ ತಳ್ಳೋ ಬಲವನ್ನ ಹೊರಬೇಕಾದ್ದು ಸ್ಲೈಡ್‌ನಲ್ಲಿ ಎದ್ದಿರೋ ಗೂಟಗಳು ಮತ್ತು ಗುಳಿಯ ಗೋಡೆಗಳು. ಗೂಟ ಬಿಗಿಯಾಗಿ ಕೂರದೆ ಒಂದು ಕೂದಲೆಳೆ ಆಡಿದರೂ ಪೂರ್ತಿ ಬಲ ಸ್ಕ್ರೂ ಮೇಲೆ ಬಂದು ಅದು ತುಂಡಾಗುತ್ತೆ. ಸ್ಕ್ರೂ ಬಿಗಿ ಮಾಡೋಕೂ ಲೆಕ್ಕ ಇದೆ, ಒಂದೂವರೆ ನ್ಯೂಟನ್-ಮೀಟರ್ ಆಸುಪಾಸು, ತಯಾರಕರು ಹೇಳಿದಷ್ಟೇ. ಜೊತೆಗೆ ಸ್ಕ್ರೂ ಅಂಟು ಒಂದು ಹನಿ. ‘ಗಟ್ಟಿಯಾಗಿರಲಿ’ ಅಂತ ವರ್ಕ್‌ಶಾಪ್‌ನಲ್ಲಿ ಮಾಡೋ ಹಾಗೆ ಮೈಮೇಲೆ ಬಿದ್ದು ತಿರುಗಿಸಿದರೆ ಮರೆ ಕಿತ್ತುಹೋಗುತ್ತೆ.

ಇದೇ ಹೊಡೆತ ಬ್ಯಾಟರಿಗೂ ಬೀಳುತ್ತೆ. ಗುಂಡು ಹಾರಿದಾಗ ನಾಣ್ಯದಂಥ ಬ್ಯಾಟರಿ ತನ್ನ ಗುಳಿಯಲ್ಲಿ ಜಡತ್ವಕ್ಕೆ ಸಿಕ್ಕಿ ಹಾರಿ, ಸಂಪರ್ಕದ ತಗಡು ಒಂದು ಕ್ಷಣ ಬಿಟ್ಟುಕೊಂಡರೆ ಚುಕ್ಕೆ ಆರಿ ಹತ್ತುತ್ತೆ. ಅದು ಆರೋದು ಸರಿಯಾಗಿ ಬೇಕಾದ ಹೊತ್ತಿನಲ್ಲೇ ಅನ್ನೋದು ಇದರ ವ್ಯಂಗ್ಯ. ಮೇಜಿನ ಮೇಲೆ ಇಟ್ಟು ಟೆಸ್ಟ್ ಮಾಡಿದರೆ ಎಲ್ಲ ಸೈಟೂ ಪಾಸ್. ಆಟಿಕೆ ಗನ್ನಿಗೆ ಅಂತ ಬರೋ ಅಗ್ಗದ ಸೈಟ್‌ಗಳು ಫೋಟೋದಲ್ಲಿ ತದ್ರೂಪ ಇರುತ್ತವೆ, ಚುಕ್ಕೆಯೂ ಚೆನ್ನಾಗೇ ಕಾಣುತ್ತೆ. ಆ ಸಾವಿರ ಪಟ್ಟು ಹೊಡೆತ ತಿಂದಾಗಲೇ ಅವುಗಳ ಬಣ್ಣ ಬಯಲಾಗೋದು. ಒಳ್ಳೇ ಕಂಪನಿಯ ಸೈಟ್‌ಗೆ ಸುಮಾರು 300ರಿಂದ 600 ಡಾಲರ್ ಯಾಕೆ ಕೊಡ್ತಾರೆ ಅಂದರೆ ಬಹುಪಾಲು ಉತ್ತರ ಇಲ್ಲಿದೆ.

ಮುಂದಿನ ಪ್ರಶ್ನೆ, ತೆರೆದದ್ದೋ ಮುಚ್ಚಿದ್ದೋ? ತೆರೆದ ಸೈಟ್‌ನಲ್ಲಿ ಹಿಂದೆ ಎಲ್‌ಇಡಿ, ಮುಂದೆ ಒಂದೇ ಗಾಜು, ನಡುವೆ ಬಯಲು. ಹಗುರ, ಅಗ್ಗ, ಕಿಟಕಿಯ ಅಂಚು ತೆಳು. ಆದರೆ ಒಂದೇ ಒಂದು ಮಳೆಹನಿ ಎಲ್‌ಇಡಿ ಮೇಲೆ ಕೂತರೆ ಅದೇ ಒಂದು ಲೆನ್ಸ್ ಆಗಿ ಚುಕ್ಕೆ ಚದುರಿಹೋಗುತ್ತೆ. ಅಂಗಿಯ ಜುಂಗು, ಧೂಳು, ಹಿಮ ಯಾವುದಾದರೂ ಸಾಕು. ಮುಚ್ಚಿದ ಸೈಟ್‌ನಲ್ಲಿ ಹಿಂದೆಯೂ ಒಂದು ಗಾಜು ಇಟ್ಟು ಇಡೀ ಡಬ್ಬಿ ಸೀಲ್ ಮಾಡಿರುತ್ತಾರೆ. ಹೊರಗಿನ ಗಾಜು ಒದ್ದೆಯಾದರೆ ಹೆಬ್ಬೆರಳಲ್ಲಿ ಒರೆಸಿದರೆ ಮುಗೀತು. ಏಮ್‌ಪಾಯಿಂಟ್ ಆಕ್ರೋ, ಹೋಲೋಸನ್ 509ಟಿ ಈ ಜಾತಿಯವು. ಮಲೆನಾಡಿನ ಜುಲೈ ಮಳೆ ನೋಡಿರೋ ನಮಗೆ ಇದರಲ್ಲಿ ಎರಡು ಮಾತೇ ಬರಲಿಲ್ಲ: ಎಲ್ಲ ಹವಾಮಾನದಲ್ಲೂ ಹೊರಗೇ ಇರಬೇಕಾದ ಪೊಲೀಸರಿಗೆ ಮುಚ್ಚಿದ್ದೇ ಸರಿ. ವಾರಕ್ಕೊಮ್ಮೆ ಬಿಸಿಲಲ್ಲಿ ಸ್ಪರ್ಧೆಗೆ ಹೋಗೋರಿಗೆ ತೆರೆದದ್ದು ಸಾಕು, ದೊಡ್ಡ ಕಿಟಕಿ ಬೋನಸ್.

ಬ್ಯಾಟರಿ ವಿಷಯಕ್ಕೆ ಬಂದರೆ ಎಲೆಕ್ಟ್ರಾನಿಕ್ಸ್‌ನವರು ಸ್ವಲ್ಪ ಮುಂದೆ ಬನ್ನಿ. ‘50,000 ಗಂಟೆ’ ಅಂತ ಬರೆದಿರುತ್ತೆ, ಐದೂವರೆ ವರ್ಷಕ್ಕಿಂತ ಜಾಸ್ತಿ. ನಂಬಬಹುದಾ? ಸಿಆರ್2032 ಬ್ಯಾಟರಿಯಲ್ಲಿ ಸುಮಾರು 225 ಮಿಲಿಆಂಪಿಯರ್-ಗಂಟೆ ಇರುತ್ತೆ. ಭಾಗಿಸಿದರೆ 4.5 ಮೈಕ್ರೋಆಂಪಿಯರ್. ಅಷ್ಟರಲ್ಲಿ ಎಲ್‌ಇಡಿಯೂ ಉರೀಬೇಕು, ಕಂಟ್ರೋಲರ್ ಚಿಪ್ಪೂ ಬದುಕಬೇಕು. ಆಕ್ರೋದ ಮೊದಲ ಮಾಡೆಲ್‌ನಲ್ಲಿ ಪುಟ್ಟ ಸಿಆರ್1225 ಇತ್ತು, ಅದಕ್ಕೆ ಹೇಳಿದ್ದು 15,000 ಗಂಟೆ. ಎರಡನೇ ಮಾಡೆಲ್‌ನಲ್ಲಿ ಸಿಆರ್2032 ಹಾಕಿ 50,000 ಅಂದರು. ಸಿಆರ್1225ರಲ್ಲಿ 50 ಮಿಲಿಆಂಪಿಯರ್-ಗಂಟೆ ಹಿಡಿದರೆ 3.3 ಮೈಕ್ರೋಆಂಪಿಯರ್ ಬರುತ್ತೆ. ಎರಡು ಲೆಕ್ಕವೂ ಒಂದೇ ಕಡೆ ಬಂದು ನಿಲ್ಲುತ್ತೆ, ಹಾಗಾಗಿ ಸಂಖ್ಯೆ ಸುಳ್ಳಲ್ಲ. ಆದರೆ ಅದು ಯಾವ ಹೊಳಪಿನಲ್ಲಿ ಅನ್ನೋದನ್ನ ಸಣ್ಣಕ್ಷರದಲ್ಲಿ ಹುಡುಕಬೇಕು. ಅದು ಮಧ್ಯದ ಒಂದು ಸೆಟ್ಟಿಂಗ್. ನಡುಮಧ್ಯಾಹ್ನದ ಬಿಸಿಲಲ್ಲಿ ಬಿಳಿ ಗೋಡೆಯ ಮೇಲೆ ಚುಕ್ಕೆ ಕಾಣಬೇಕು ಅಂತ 1 ಮಿಲಿಆಂಪಿಯರ್ ಹರಿಸಿದರೆ ಅದೇ ಬ್ಯಾಟರಿ 225 ಗಂಟೆ, ಒಂಬತ್ತು ಚಿಲ್ಲರೆ ದಿನ.

ಇದಕ್ಕೆ ಪರಿಹಾರ ಅಂತ ಕೆಲವು ಸೈಟ್‌ಗಳಲ್ಲಿ ಅಕ್ಸೆಲೆರೋಮೀಟರ್ ಇದೆ. ಅಲುಗಾಡದೆ ಬಿದ್ದಿದ್ದರೆ ನಿದ್ದೆ ಮಾಡುತ್ತೆ, ಎತ್ತಿದರೆ ಏಳುತ್ತೆ. ನಮ್ಮ ಫೋನಿನ ಹಾಗೆ. ಇನ್ನು ಕೆಲವು ಸುತ್ತಲಿನ ಬೆಳಕು ನೋಡಿ ಹೊಳಪು ತಾವೇ ಬದಲಾಯಿಸ್ತವೆ. ಇದರಲ್ಲಿ ಒಂದು ಮೋಸ ಇದೆ. ಕತ್ತಲ ಕೋಣೆಯಲ್ಲಿ ನಿಂತು ಬಿಸಿಲಿನ ಅಂಗಳ ನೋಡ್ತಾ ಇದ್ದೀರಿ ಅಂದುಕೊಳ್ಳಿ. ಸೆನ್ಸರ್ ಇರೋದು ಕತ್ತಲಲ್ಲಿ, ಅದು ಹೊಳಪು ಇಳಿಸುತ್ತೆ. ಗುರಿ ಇರೋದು ಬೆಳಕಲ್ಲಿ, ಚುಕ್ಕೆ ಕಾಣಲ್ಲ. ಟಾರ್ಚ್ ಹಾಕಿದರೂ ಇದೇ ಕಥೆ. ಆಟೋ ಬೇಕಿದ್ದರೆ ಇರಲಿ, ಆದರೆ ಕೈಯಿಂದ ಬದಲಾಯಿಸೋ ಬಟನ್ ಇಲ್ಲದ ಸೈಟ್ ಬೇಡ. ಬ್ಯಾಟರಿ ಬಾಗಿಲು ಪಕ್ಕದಲ್ಲೋ ಮೇಲೋ ಇದ್ದರೆ ಒಳ್ಳೇದು. ತಳದಲ್ಲಿದ್ದರೆ ಬ್ಯಾಟರಿ ಬದಲಿಸೋಕೆ ಇಡೀ ಸೈಟನ್ನೇ ಬಿಚ್ಚಿ, ಮತ್ತೆ ಕೂರಿಸಿ, ಗುರಿ ಸರಿಯಾಗಿದೆಯಾ ಅಂತ ಇನ್ನೊಂದು ಸಲ ಹೊಡೆದು ನೋಡಬೇಕು.

ಕೆಂಪೋ ಹಸಿರೋ ಅನ್ನೋದು ಬಹಳಷ್ಟು ಮಟ್ಟಿಗೆ ಇಷ್ಟದ ವಿಷಯ. ಹಗಲಲ್ಲಿ ಕಣ್ಣಿಗೆ ಹಸಿರು ಹೆಚ್ಚು ಚುರುಕಾಗಿ ತಾಗುತ್ತೆ. ಆದರೆ ಹಸಿರು ಎಲ್‌ಇಡಿಗೆ ಹತ್ತಿರ ಹತ್ತಿರ 3 ವೋಲ್ಟ್ ಬೇಕು, ಕೆಂಪಿಗೆ 2 ಸಾಕು. 3 ವೋಲ್ಟಿನ ಬ್ಯಾಟರಿ ಇಳಿಯುತ್ತಾ ಬಂದಾಗ ಯಾವುದಕ್ಕೆ ಮೊದಲು ತೊಂದರೆ ಅಂತ ನೀವೇ ಹೇಳಿ.

ಕನ್ನಡಕ ಹಾಕಿಕೊಳ್ಳೋರಿಗೆ ಒಂದು ಮಾತು. ಅಸ್ಟಿಗ್ಮ್ಯಾಟಿಸಂ ಇದ್ದರೆ ದುಂಡಗಿನ ಚುಕ್ಕೆ ಅಲ್ಪವಿರಾಮದ ಹಾಗೆ, ಇಲ್ಲಾ ದ್ರಾಕ್ಷಿ ಗೊಂಚಲಿನ ಹಾಗೆ ಕಾಣುತ್ತೆ. ಎಷ್ಟೋ ಜನ ಸೈಟ್ ಕೆಟ್ಟಿದೆ ಅಂತ ವಾಪಸ್ ಕೊಡ್ತಾರಂತೆ. ಪರೀಕ್ಷೆ ಸುಲಭ. ಫೋನ್ ಕ್ಯಾಮೆರಾದಲ್ಲಿ ಚುಕ್ಕೆಯ ಫೋಟೋ ತೆಗೀರಿ. ಫೋಟೋದಲ್ಲಿ ದುಂಡಗಿದ್ದರೆ ದೋಷ ಕಣ್ಣಿನದು. ಬಿಚ್ಚಿಟ್ಟ ಸೈಟನ್ನೇ ಗಡಿಯಾರದ ಮುಳ್ಳಿನ ಹಾಗೆ ತಿರುಗಿಸಿ ನೋಡಿ, ಬಾಲ ಜೊತೆಗೇ ತಿರುಗಿದರೆ ದೋಷ ಸೈಟಿನದು. ಇದಕ್ಕೆ ಪಿಸ್ತೂಲೇ ಬೇಕು ಅಂತಿಲ್ಲ. ಸಣ್ಣ ಟೆಲಿಸ್ಕೋಪ್‌ಗಳ ಪಕ್ಕದಲ್ಲಿ ನಕ್ಷತ್ರ ಹುಡುಕೋಕೆ ಅಂತ ಒಂದು ರೆಡ್ ಡಾಟ್ ಫೈಂಡರ್ ಇರುತ್ತಲ್ಲ, ಅದೂ ಇದೇ ತತ್ವ. ಅದರಲ್ಲೇ ನೋಡಬಹುದು. ಹೊಳಪು ಕಮ್ಮಿ ಮಾಡಿದರೆ ಚುಕ್ಕೆ ಸ್ವಲ್ಪ ದುಂಡಗಾಗುತ್ತೆ ಅನ್ನೋದನ್ನೂ ಗಮನಿಸಿ.

ಕೊನೇದಾಗಿ ಜೀರೋ ಮಾಡೋದು, ಅಂದರೆ ಚುಕ್ಕೆ ಇದ್ದಲ್ಲಿಗೇ ಗುಂಡು ಹೋಗೋ ಹಾಗೆ ಹೊಂದಿಸೋದು. ಸೈಟ್‌ನಲ್ಲಿ ಎರಡು ಸ್ಕ್ರೂ ಇರುತ್ತೆ, ಒಂದು ಮೇಲೆ-ಕೆಳಗೆ, ಇನ್ನೊಂದು ಎಡ-ಬಲ. ಒಂದು ಕ್ಲಿಕ್ ತುಂಬಾ ಸೈಟ್‌ಗಳಲ್ಲಿ 1 ಎಂಒಎ, 25 ಮೀಟರ್‌ನಲ್ಲಿ 7 ಮಿ.ಮೀ. ಚುಕ್ಕೆಯ ದಾರಿ ಬ್ಯಾರಲ್‌ಗಿಂತ ಎರಡೂವರೆ ಸೆಂಟಿಮೀಟರ್‌ನಷ್ಟು ಮೇಲಿರುತ್ತೆ, ಗುಂಡು ಕೆಳಗಿಂದ ಹೊರಟು ಅದನ್ನ ಸೇರಬೇಕು. 25 ಮೀಟರ್‌ಗೆ ಹೊಂದಿಸಿದ ಪಿಸ್ತೂಲಿನಿಂದ 3 ಮೀಟರ್‌ನಲ್ಲಿ ಹೊಡೆದರೆ ಗುಂಡು ಚುಕ್ಕೆಗಿಂತ ಸುಮಾರು 2 ಸೆಂ.ಮೀ ಕೆಳಗೆ, 15 ಮೀಟರ್‌ನಲ್ಲಿ ಬರೀ 4 ಮಿ.ಮೀ ಕೆಳಗೆ ಬೀಳುತ್ತೆ. ಹತ್ತಿರ ಇದ್ದಾಗಲೇ ವ್ಯತ್ಯಾಸ ಜಾಸ್ತಿ. ಗುರುತ್ವವನ್ನೂ ಸೇರಿಸಿ, 350 ಮೀಟರ್ ವೇಗ ಹಿಡಿದು ನಾವು ಲೆಕ್ಕ ಹಾಕಿದ್ದು ಇದು. ಪ್ರೊಜೆಕ್ಟೈಲ್ ಸೂತ್ರ ನೆನಪಿದ್ದರೆ ನೀವೂ ಹಾಕಿ ನೋಡಿ, ಐದು ನಿಮಿಷ ಸಾಕು.